ಭೌತಚಿಕಿತ್ಸೆಯ ಸ್ವರೂಪ ಮತ್ತು ರೋಗಿಯ ಪಾಲು

ಗ್ರೀಕ್ ಭಾಷೆಯಲ್ಲಿ ‘ಫ್ಯೂಸಿಸ್’ ಎಂದರೆ ಪ್ರಕೃತಿ, ‘ಥೆರಪೈಯಾ’ ಎಂದರೆ ಶುಶ್ರೂಷೆ. ಈ ಎರಡು ಶಬ್ದಗಳು ಕೂಡಿ ಆದ ‘ಫಿಜಿಯೋಥೆರಪಿ’ ಎಂಬ ಹೆಸರಿಗೆ ಕನ್ನಡದಲ್ಲಿ ‘ಭೌತಚಿಕಿತ್ಸೆ’ ಎಂಬ ಪರ್ಯಾಯಪದವು ರೂಢಿಗೆ ಬಂದಿದೆ. ಆದರೆ ಮನೆಮಾತಿನಲ್ಲಿ ಈ ಚಿಕಿತ್ಸೆಯನ್ನು ಕುರಿತು ಜನರು ಆಡುವ ಮಾತೇ ಬೇರೆ. ‘ಸೊಂಟಕ್ಕೆ ಕರೆಂಟು ಕೊಡಿಸಿಕೊಂಡೆ’, ‘ಮೊಣಕಾಲಿಗೆ ಶಾಖ ಕೊಡಿಸಿಕೊಂಡೆ’, ‘ಭುಜ ತಿಕ್ಕಿಸಿಕೊಂಡೆ’ ಎಂದು ಹೇಳುವುದು ವಾಡಿಕೆ. ಇಲ್ಲಿ ಕ್ರಿಯಾಪದದ ರೂಪವು ಗಮನಾರ್ಹವಾದುದು. ಕೊಡಿಸು, ತಿಕ್ಕಿಸು ಎಂಬವು ಪ್ರೇರಣಾರ್ಥಕ ರೂಪಗಳು. ಅವಕ್ಕೆ ‘ಕೊಳ್ಳು’ ಎಂಬುದು ಸೇರಿದಾಗ, ಕೆಲಸ ಮಾಡುವವನು ಬೇರೊಬ್ಬ, ಫಲವನ್ನು ಪಡೆಯುವವನು ತಾನು ಎಂಬ ಅರ್ಥವು ಸಿದ್ಧಿಸುತ್ತದೆ. ಭೌತಚಿಕಿತ್ಸೆಯ ವಿಷಯದಲ್ಲಿ ಸಾಮಾನ್ಯರಲ್ಲಿಯೂ ವಿದ್ಯಾವಂತರಲ್ಲಿಯೂ ಬೇರೂರಿರುವ ತಪ್ಪು ತಿಳಿವಳಿಕೆಯೆಲ್ಲವೂ ಈ ಒಂದು ವ್ಯಾಕರಣರೂಪದಲ್ಲಿ ಅಡಗಿದೆಯೆನ್ನಬಹುದು. ಏಕೆಂದರೆ ಈ ಶಾಸ್ತ್ರದ ಸಾರವು ಮಾಡಿಸಿಕೊಳ್ಳುವುದರಲ್ಲಿಲ್ಲ; ಮಾಡುವುದರಲ್ಲಿದೆ. ಔಷಧವು ರೋಗಿಯು ನಿದ್ರಿಸುವಾಗಲೂ ತನ್ನ ಕೆಲಸ ಮಾಡುತ್ತದೆ. ಶಸ್ತ್ರಚಿಕಿತ್ಸೆಯನ್ನಂತೂ ಅನೇಕ ವೇಳೆ ನಿದ್ರೆ ಬರಿಸಿಯೇ ಮಾಡುತ್ತಾರೆ. ಭೌತಚಿಕಿತ್ಸೆಯು ಎಚ್ಚೆತ್ತ ರೋಗಿಯ ಸಹಕಾರವನ್ನು, ಅದಕ್ಕಿಂತ ಹೆಚ್ಚಾಗಿ ಅವನ ಅಭ್ಯಾಸವನ್ನು ಬೇಡುತ್ತದೆ. ಅದು ಏಕೆ ಹೀಗೆ, ಚಲನೆಯು ದೇಹದ ಮೇಲೆ ಯಾವ ಬಗೆಯಲ್ಲಿ ಕೆಲಸ ಮಾಡುತ್ತದೆ, ನೋವಿಗೂ ಚಲನೆಗೂ ಇರುವ ಸಂಬಂಧವೇನು ಎಂಬುದೇ ಇಲ್ಲಿಯ ವಿಚಾರ.

ಶಾಸ್ತ್ರದ ಬೆಳವಣಿಗೆ

ಮರ್ದನ, ಶಾಖ, ವ್ಯಾಯಾಮಗಳು ಎಲ್ಲ ಪ್ರಾಚೀನ ವೈದ್ಯಪದ್ಧತಿಗಳಲ್ಲಿಯೂ ಉಂಟು. ಆದರೆ ಅವನ್ನು ಒಂದು ಕ್ರಮಕ್ಕೆ ತಂದು ಕಲಿಸುವ ಸಂಸ್ಥೆಗಳು ಹುಟ್ಟಿದ್ದು ಈಚೆಗೆ. 1813ರಲ್ಲಿ ಪೇರ್ ಹೆನ್ರಿಕ್ ಲಿಂಗ್ ಎಂಬವನು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ರಾಜಾಶ್ರಯದಿಂದ ಅಂಗಸಾಧನೆಯ ಕೇಂದ್ರವೊಂದನ್ನು ಸ್ಥಾಪಿಸಿದನು. ಅಲ್ಲಿ ವ್ಯಾಯಾಮವು ಸೈನಿಕರಿಗೆ ಶಿಕ್ಷಣವಾಗಿಯೂ ರೋಗಿಗಳಿಗೆ ಚಿಕಿತ್ಸೆಯಾಗಿಯೂ ಬಳಕೆಯಾಯಿತು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಮರ್ದನವಿದ್ಯೆಯಲ್ಲಿ ಶಿಕ್ಷಣ ಪಡೆದವರ ಸಂಘವೊಂದನ್ನು ಕಟ್ಟಿದರು. ಮುಂದೆ ಬ್ರಿಟನ್ನಿನ ಭೌತಚಿಕಿತ್ಸಕರ ಅಧಿಕೃತ ಸಂಸ್ಥೆಯಾಗಿ ಬೆಳೆದದ್ದು ಇದೇ. 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ ಅಂಗಹೀನರಾಗಿ ಮರಳಿದ ಸಹಸ್ರಾರು ಯೋಧರನ್ನು ಮತ್ತೆ ದುಡಿಮೆಗೆ ಅಣಿಗೊಳಿಸಬೇಕಾದ ಅಗತ್ಯವು ಈ ವಿದ್ಯೆಗೆ ಮೊದಲ ದೊಡ್ಡ ಪ್ರಚೋದನೆಯನ್ನಿತ್ತಿತು.

ಎರಡನೆಯ ಪ್ರಚೋದನೆ ಬಂದದ್ದು ಪೋಲಿಯೋ ರೋಗದಿಂದ. ಪೋಲಿಯೋ ತಗುಲಿದ ಮಗುವಿನ ಕೈಕಾಲುಗಳನ್ನು ಪಟ್ಟಿಗಳಲ್ಲಿ ಬಿಗಿದು ಅಲುಗದಂತೆ ಇರಿಸುವುದು ಆಗಿನ ವೈದ್ಯರ ಕ್ರಮವಾಗಿತ್ತು. ಆಸ್ಟ್ರೇಲಿಯದ ಎಲಿಜಬೆತ್ ಕೆನ್ನಿ ಎಂಬ ದಾದಿ ಇದನ್ನು ವಿರೋಧಿಸಿದಳು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಯ ಬಟ್ಟೆಯಿಂದ ಸ್ನಾಯುಗಳ ಬಿಗಿತವನ್ನು ಸಡಿಲಿಸಿ, ಅನಂತರ ಅಂಗಗಳನ್ನು ಮೆಲ್ಲಗೆ ಚಲಿಸಿ, ಆ ಚಲನೆಯತ್ತ ಮಗುವಿನ ಮನಸ್ಸನ್ನು ತಿರುಗಿಸುವುದು ಅವಳ ಪದ್ಧತಿ. 1940ರಲ್ಲಿ ಅವಳು ಅಮೆರಿಕಕ್ಕೆ ಹೋದ ಮೇಲೆ ಆ ಪದ್ಧತಿಗೆ ಮನ್ನಣೆ ದೊರೆಯಿತು. ರೋಗದ ಕಾರಣವನ್ನು ಕುರಿತು ಅವಳು ಕೊಟ್ಟ ವಿವರಣೆಗಳೆಲ್ಲ ನಿಲ್ಲಲಿಲ್ಲ. ಆದರೆ ಅಂಗವನ್ನು ಬಿಗಿದಿಡಬಾರದೆಂಬ ಅವಳ ಮಾತು ನಿಂತಿತು.

ಭಾರತದಲ್ಲಿ ಈ ಶಾಸ್ತ್ರದ ತವರು ಮುಂಬಯಿ. ಪೋಲಿಯೋ ಪೀಡಿತಳಾದ ಮಗಳಿಗಾಗಿ ಚಿಕಿತ್ಸೆಯನ್ನು ಅರಸಿ ಅಲೆದ ಫಾತಿಮಾ ಇಸ್ಮಾಯಿಲ್ ಅವರು ಆ ಅನುಭವವನ್ನು ಲೋಕೋಪಕಾರಕ್ಕೆ ತಿರುಗಿಸಿ, 1947ರಲ್ಲಿ ಈ ನಗರದಲ್ಲಿ ಅಂತಹ ಮಕ್ಕಳಿಗಾಗಿ ಚಿಕಿತ್ಸಾಲಯವೊಂದನ್ನು ತೆರೆದರು. 1950ರ ದಶಕದ ಆರಂಭದಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಭೌತಚಿಕಿತ್ಸೆಯ ಶಿಕ್ಷಣಶಾಲೆ ಆರಂಭವಾಯಿತು. ಭಾರತೀಯ ಭೌತಚಿಕಿತ್ಸಕರ ಸಂಘವೂ ಹಾಜಿ ಅಲಿಯ ಅಖಿಲ ಭಾರತ ಪುನರ್ವಸತಿ ಸಂಸ್ಥೆಯೂ 1955ರಲ್ಲಿ ಹುಟ್ಟಿದುವು. ಪೋಲಿಯೋ ಈಗ ಈ ದೇಶದಲ್ಲಿಲ್ಲ. ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಬಂಗಾಳದಲ್ಲಿ ದಾಖಲಾಗಿ, 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಆದರೆ ಪೋಲಿಯೋ ಕಲಿಸಿದ ಪಾಠವು ಉಳಿದು, ಪಾರ್ಶ್ವವಾಯು, ಸಂಧಿವಾತ, ಬೆನ್ನುನೋವು, ಮೂಳೆಮುರಿತ ಮುಂತಾದ ಇಂದಿನ ವ್ಯಾಧಿಗಳಿಗೆ ಅನ್ವಯವಾಗುತ್ತಿದೆ.

ವಿಶ್ರಾಂತಿಯ ಬೆಲೆ

ಕಾಯಿಲೆಯಾದಾಗ ಮಲಗಿರಬೇಕು ಎಂಬುದು ಲೋಕರೂಢಿ. ಅದಕ್ಕೆ ಕಾರಣವಿಲ್ಲದಿಲ್ಲ, ಜ್ವರದಲ್ಲಿ, ಹೊಸ ಗಾಯದಲ್ಲಿ, ಮುರಿದ ಮೂಳೆ ಕೂಡುವವರೆಗೆ ವಿಶ್ರಾಂತಿ ಬೇಕು. ಆದರೆ ವಿಶ್ರಾಂತಿಯು ಉಚಿತವಾಗಿ ದೊರೆಯುವ ವಸ್ತುವಲ್ಲವೆಂಬುದನ್ನು 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಒಂದು ಪ್ರಯೋಗವು ಮನಗಾಣಿಸಿತು. ಇಪ್ಪತ್ತರ ಆಸುಪಾಸಿನ ಐವರು ಆರೋಗ್ಯವಂತ ಯುವಕರನ್ನು ಸುಮಾರು 3 ವಾರಗಳ ಕಾಲ ಹಾಸಿಗೆಯಲ್ಲಿಯೇ ಇರಿಸಲಾಯಿತು. ಶ್ರಮದ ಸಮಯದಲ್ಲಿ ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಪರಮಾವಧಿ ಸಾಮರ್ಥ್ಯವು ಅಷ್ಟರಲ್ಲಿಯೇ ಶೇಕಡ 27ರಷ್ಟು ಕುಗ್ಗಿತ್ತು. ಅದೇ ಐವರನ್ನು 30 ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯೋಮಾನವು ಅವರ ಶಕ್ತಿಯನ್ನು ಕುಗ್ಗಿಸಿದುದಕ್ಕಿಂತ ಆ ಮೂರು ವಾರಗಳ ಶಯನವೇ ಹೆಚ್ಚಾಗಿ ಕುಗ್ಗಿಸಿತ್ತೆಂದು ಕಂಡುಬಂದಿತು. ಈ ಕಥೆಗೆ ಇನ್ನೊಂದು ಮುಖವೂ ಉಂಟು. ಐವತ್ತು ದಾಟಿದ ಆ ಗೃಹಸ್ಥರು 6 ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿದಾಗ, ವಯಸ್ಸಿನಿಂದ ಕಳೆದುಕೊಂಡಿದ್ದ ಈ ಸಾಮರ್ಥ್ಯವನ್ನು ಮರಳಿ ಪಡೆದರು.

ಹೀಗಾಗುವ ಕಾರಣವು ದೇಹದ ರಚನೆಯಲ್ಲಿಯೇ ಇದೆ. ಕೆಲಸವಿಲ್ಲದ ಅಂಗವನ್ನು ದೇಹವು ಸಾಕುವುದಿಲ್ಲ. ಬಳಸದ ಸ್ನಾಯು ಸೊರಗುತ್ತದೆ. ಮಡಿಸಿದ ಸ್ಥಿತಿಯಲ್ಲಿಯೇ ಬಹುಕಾಲವಿದ್ದ ಸ್ನಾಯು ಗಿಡ್ಡದಾಗಿ ಅಂಗವನ್ನು ಚಾಚಗೊಡುವುದಿಲ್ಲ. ಭಾರ ಹೊರದ ಮೂಳೆ ತನ್ನ ಸುಣ್ಣದ ಅಂಶವನ್ನು ಕಳೆದುಕೊಳ್ಳುತ್ತದೆ. ಕೀಲಿನ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯ ಸ್ಥಿತಿಯಂತೂ ವಿಶಿಷ್ಟವಾದುದು: ಅದಕ್ಕೆ ರಕ್ತನಾಳಗಳೇ ಇಲ್ಲ. ಕೀಲು ಆಡುವಾಗ ಅದು ಸ್ಪಂಜಿನಂತೆ ಒತ್ತಿ ಬಿಟ್ಟು, ಸುತ್ತಲಿನ ಕೀಲುದ್ರವದಿಂದ ತನ್ನ ಆಹಾರವನ್ನು ಹೀರಿಕೊಳ್ಳಬೇಕು. ಕೀಲು ಆಡದಿದ್ದರೆ ಮೃದ್ವಸ್ಥಿಗೆ ಉಪವಾಸ. ಮಂಡಿ ಸವೆದಿದೆ, ಇನ್ನು ಓಡಾಡಿದರೆ ಮತ್ತಷ್ಟು ಸವೆಯುತ್ತದೆ ಎಂದು ಹೆದರಿ ಕುಳಿತವರು, ತಿಳಿಯದೆಯೇ ಆ ಮಂಡಿಯ ಆಹಾರವನ್ನು ನಿಲ್ಲಿಸುತ್ತಾರೆ. ಅದನ್ನು ಆಧರಿಸಿ ನಿಲ್ಲಿಸುವ ತೊಡೆಯ ಸ್ನಾಯುವನ್ನೂ ಸೊರಗಿಸುತ್ತಾರೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯು ಹೊನ್ನಿಗೆ ಮಾತ್ರ ಸಲ್ಲುವುದಲ್ಲ.

ನರಗಳ ಪುನಶ್ಶಿಕ್ಷಣ

ಸ್ನಾಯು ಕೀಲುಗಳ ಮಾತು ಹೀಗಾದರೆ, ಅವನ್ನು ಆಳುವ ಮಿದುಳಿಗೆ ಪೆಟ್ಟು ಬಿದ್ದಾಗ ಏನು ಗತಿ? ಪಾರ್ಶ್ವವಾಯುವಿನಲ್ಲಿ ಕೈಕಾಲುಗಳಿಗೆ ಏನೂ ಆಗಿರುವುದಿಲ್ಲ. ಅವುಗಳಿಗೆ ಆಜ್ಞೆ ಕೊಡುವ ಮಿದುಳಿನ ಭಾಗವು ರಕ್ತವಿಲ್ಲದೆ ಅಥವಾ ರಕ್ತಸ್ರಾವದಿಂದ ನಾಶವಾಗಿರುತ್ತದೆ. ಸತ್ತ ಆ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ಭಾಗಗಳು ಅಭ್ಯಾಸಬಲದಿಂದ ಹೊಸ ಸಂಬಂಧಗಳನ್ನು ಕಟ್ಟಿಕೊಂಡು, ಸತ್ತವುಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು.

ಈ ವಿಷಯದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳು ಹೊಸ ದಾರಿಯನ್ನು ತೋರಿದುವು. ಒಂದು ಕೈಯಿಂದ ಸ್ಪರ್ಶಜ್ಞಾನವನ್ನು ಒಯ್ಯುವ ನರಗಳನ್ನು ಕತ್ತರಿಸಿದಾಗ, ಆ ಕೈಯನ್ನು ಆಡಿಸುವ ನರಗಳು ಕೆಡದೆ ಇದ್ದರೂ ಮಂಗವು ಅದನ್ನು ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ ಮಾತ್ರ ಅದು ಬಿಟ್ಟ ಕೈಯನ್ನು ಮತ್ತೆ ಬಳಸತೊಡಗಿತು. ಮೊದಲ ದಿನಗಳಲ್ಲಿ ಪ್ರಯತ್ನಿಸಿ ಸೋತು, ‘ಈ ಕೈ ಆಗದು’ ಎಂಬುದನ್ನೇ ಪ್ರಾಣಿಯು ಕಲಿತುಬಿಟ್ಟಿತ್ತು. ಟೌಬ್ ಇದಕ್ಕೆ ‘ಕಲಿತ ನಿರುಪಯೋಗ’ ಎಂಬ ಅರ್ಥದ ಹೆಸರನ್ನು ಕೊಟ್ಟನು. ಇದೇ ತತ್ತ್ವದ ಮೇಲೆ, ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳು ಕಳೆದಿದ್ದ, ಪೀಡಿತ ಕೈಯಲ್ಲಿ ಅಲ್ಪಸ್ವಲ್ಪ ಚಲನೆ ಉಳಿದಿದ್ದ 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ, 2 ವಾರಗಳ ಕಾಲ, ಎಚ್ಚರವಿರುವ ಹೊತ್ತಿನ ಬಹುಭಾಗ ಚೀಲದಂತಹ ಕೈಗವಸನ್ನು ತೊಡಿಸಿ, ಪೀಡಿತ ಕೈಯಿಂದಲೇ ನಿತ್ಯದ ಕೆಲಸಗಳನ್ನು ತಿರುತಿರುಗಿ ಮಾಡಿಸಲಾಯಿತು. ಅವರ ಕೈಯಲ್ಲಿ ಆದ ಸುಧಾರಣೆಯು ಸಾಮಾನ್ಯ ಚಿಕಿತ್ಸೆ ಪಡೆದವರದಕ್ಕಿಂತ ಹೆಚ್ಚಾಗಿದ್ದುದಲ್ಲದೆ, ವರ್ಷದ ತರುವಾಯವೂ ಉಳಿದಿತ್ತು.

ಈ ಸಂಗತಿಯನ್ನು ಭಾರತೀಯ ಕುಟುಂಬದ ಸಂದರ್ಭದಲ್ಲಿಟ್ಟು ನೋಡಿದರೆ ಅದರ ಗಾಂಭೀರ್ಯವು ತಿಳಿಯುತ್ತದೆ. ಮನೆಯ ಹಿರಿಯರಿಗೆ ಲಕ್ವ ಹೊಡೆದಾಗ ಮಕ್ಕಳು ಸೊಸೆಯಂದಿರು ಹಗಲಿರುಳೂ ಸೇವೆಗೆ ನಿಲ್ಲುತ್ತಾರೆ. ತುತ್ತು ಬಾಯಿಗಿಡುತ್ತಾರೆ, ಗುಂಡಿ ಹಾಕುತ್ತಾರೆ, ನೀರಿನ ಲೋಟವನ್ನು ತುಟಿಗೆ ಹಿಡಿಯುತ್ತಾರೆ. ಮೊದಲ ದಿನಗಳಲ್ಲಿ ಇದು ಬೇಕಾದ ಸೇವೆಯೇ ಸರಿ. ಆದರೆ ತಿಂಗಳುಗಳು ಕಳೆದರೂ ಇದೇ ಕ್ರಮ ಸಾಗಿದರೆ, ನಡುಗುತ್ತಲಾದರೂ ಲೋಟವನ್ನು ಹಿಡಿಯಬಹುದಾಗಿದ್ದ ಕೈಗೆ ‘ನಿನ್ನಿಂದಾಗದು’ ಎಂದು ಪ್ರತಿದಿನವೂ ಕಲಿಸಿದಂತಾಗುತ್ತದೆ. ಹಿರಿಯರು ಅರ್ಧ ಗಂಟೆ ಹೆಣಗಿ, ಅನ್ನವನ್ನು ಚೆಲ್ಲಿಕೊಂಡು ತಾವೇ ಉಣ್ಣುವುದನ್ನು ನೋಡುತ್ತ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು, ಉಣಿಸುವುದಕ್ಕಿಂತ ಕಷ್ಟವಾದ ಸೇವೆ. ಬಂಧುಗಳು ಹೋಗಲಿ, ನೆರೆಯವರೂ ಅದನ್ನು ಕಂಡು ನಿರ್ದಯೆಯೆನ್ನಬಹುದು. ಆದರೆ ಆ ಕೈಯ ಭವಿಷ್ಯವು ಇಂತಹ ಅರ್ಧ ಗಂಟೆಗಳಲ್ಲಿದೆ.

ನೋವಿನ ಅರ್ಥ

ಚಲನೆಗೆ ದೊಡ್ಡ ಅಡ್ಡಿಯೆಂದರೆ ನೋವು. ನೋವೆಂದರೆ ಒಳಗೆ ಏನೋ ಹರಿದಿದೆ ಅಥವಾ ಸವೆದಿದೆ ಎಂಬುದರ ಅಳತೆ, ನೋವು ಹೆಚ್ಚಿದಷ್ಟೂ ಹಾನಿ ಹೆಚ್ಚು ಎಂದು ಸಾಮಾನ್ಯವಾಗಿ ನಂಬಲಾಗಿದೆ. ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನು ಪ್ರಮುಖ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಿಂದ ಬಂದ, ಭೀಕರವಾಗಿ ಗಾಯಗೊಂಡಿದ್ದ ಯೋಧರಲ್ಲಿ ಬಹುಭಾಗದವರು ನೋವು ಕಳೆಯುವ ಮದ್ದು ಬೇಡವೆಂದರೆಂಬುದನ್ನು ಅವನು 1946ರಲ್ಲಿ ದಾಖಲಿಸಿದನು. ಅಷ್ಟೇ ಗಾಯವಾದ ನಾಗರಿಕರು ನೋವಿನಿಂದ ಕೂಗಿಕೊಳ್ಳುತ್ತಾರೆ. ರಣರಂಗದಿಂದ ಬದುಕಿ ಬಂದವನಿಗೆ ಗಾಯವು ಬಿಡುಗಡೆಯಾಗಿ ತೋರಿರಬೇಕು ಎಂಬುದು ಬೀಚರನ ಊಹೆ.

ಇಂತಹ ಸಂಗತಿಗಳಿಗೆ ಶಾಸ್ತ್ರೀಯವಾದ ವಿವರಣೆಯನ್ನು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿದ್ವಾಂಸರು ಮುಂದಿಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂತಹ ಒಂದು ವ್ಯವಸ್ಥೆಯಿದೆ. ನೋವಿನ ಸಂದೇಶಗಳು ಅದರ ಮೂಲಕವೇ ಮಿದುಳಿಗೆ ಹೋಗಬೇಕು. ಸ್ಪರ್ಶ, ಒತ್ತಡ, ಚಲನೆಗಳ ಸಂದೇಶಗಳು ಬಂದಾಗ ಆ ಬಾಗಿಲು ಅರೆ ಮುಚ್ಚುತ್ತದೆ. ಮೇಲಿನಿಂದ ಮಿದುಳೂ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು ಎಂಬುದು ಅವರ ಸಿದ್ಧಾಂತದ ತಿರುಳು. ಎಡವಿದ ಮಗುವಿನ ಮೊಣಕಾಲನ್ನು ತಾಯಿ ತಿಕ್ಕಿದೊಡನೆ ಅಳು ನಿಲ್ಲುವುದರ ರಹಸ್ಯವಿದು. ಈ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾಗಿವೆ. ಆದರೆ ಭಯ, ಚಿಂತೆ, ನಿದ್ರೆಗೇಡುಗಳು ನೋವನ್ನು ಹೆಚ್ಚಿಸುತ್ತವೆ, ಭರವಸೆ ಮತ್ತು ಚಲನೆಗಳು ತಗ್ಗಿಸುತ್ತವೆ ಎಂಬುದು ಇಂದು ಸರ್ವಸಮ್ಮತವಾಗಿದೆ.

ಬೆನ್ನುನೋವಿನಲ್ಲಿ ಇದರ ಪ್ರಯೋಜನವು ದೊಡ್ಡದು. ಯಂತ್ರದಿಂದ ತೆಗೆದ ಚಿತ್ರದಲ್ಲಿ ಬೆನ್ನುಮೂಳೆಗಳ ನಡುವಿನ ಬಿಲ್ಲೆ ಸವೆದಿದೆಯೆಂದು ಬರೆದುದನ್ನು ಓದಿ ಎದೆಗುಂದುವವರು ಬಹಳ. ಆದರೆ ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಸಮೀಕ್ಷೆಯು ಹೇಳುವುದೇನೆಂದರೆ, ಇಪ್ಪತ್ತರ ಪ್ರಾಯದವರಲ್ಲಿ ಶೇಕಡ 37, ಎಂಬತ್ತರವರಲ್ಲಿ ಶೇಕಡ 96 ಮಂದಿಗೆ ಆ ಸವೆತವಿತ್ತು. ಅಂದರೆ ಅದು ಬಹುಮಟ್ಟಿಗೆ ಕೂದಲು ನರೆತಂತೆ ಕಾಲಧರ್ಮ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ನಿರ್ದಿಷ್ಟ ರೋಗಕಾರಣವಿಲ್ಲದ ದೀರ್ಘಕಾಲದ ಸೊಂಟನೋವಿಗೆ ತಿಳಿವಳಿಕೆ ಮತ್ತು ವ್ಯಾಯಾಮಗಳನ್ನು ವಿಧಿಸುತ್ತದೆ, ಮರ್ದನವನ್ನೂ ಒಪ್ಪುತ್ತದೆ. ಆದರೆ ಸೊಂಟದ ಪಟ್ಟಿ, ಎಳೆತ, ಚರ್ಮದ ಮೇಲಿಂದ ಕೊಡುವ ವಿದ್ಯುತ್ತು, ಶ್ರವಣಾತೀತ ಧ್ವನಿಯ ಯಂತ್ರ ಇವುಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆನ್ನುತ್ತದೆ. ಜನರು ‘ಕರೆಂಟು’ ಎಂದು ಯಾವುದನ್ನು ಚಿಕಿತ್ಸೆಯ ಸರ್ವಸ್ವವೆಂದು ತಿಳಿದಿದ್ದಾರೋ ಅದಕ್ಕೆ ಇಲ್ಲಿ ಸ್ಥಾನವಿಲ್ಲದಿರುವುದು ಗಮನಾರ್ಹ.

ಪ್ರಮಾಣದ ವಿವೇಕ

ಚಲನೆಯು ಮದ್ದೆಂದ ಮಾತ್ರಕ್ಕೆ ಅದು ಹೆಚ್ಚಿದಷ್ಟೂ ಒಳಿತೆಂದು ತಿಳಿಯಬಾರದು. ಐದು ದೇಶಗಳ 2,104 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇಲ್ಲಿ ಎಚ್ಚರಿಕೆಯಾಗಿ ನಿಲ್ಲುತ್ತದೆ. ಮೊದಲ 24 ಗಂಟೆಗಳೊಳಗೇ ಹಾಸಿಗೆಯಿಂದೆಬ್ಬಿಸಿ ಹೆಚ್ಚು ಹೆಚ್ಚಾಗಿ ಚಲಿಸುವಂತೆ ಮಾಡಿದವರ ಸ್ಥಿತಿಯು, 3 ತಿಂಗಳ ತರುವಾಯ, ಸಾಮಾನ್ಯ ಕ್ರಮದಲ್ಲಿ ಎದ್ದವರಿಗಿಂತ ಹಿಂದುಳಿದಿತ್ತು. ಆಗಾಗ, ಆದರೆ ಸ್ವಲ್ಪ ಸ್ವಲ್ಪವೇ ಎಬ್ಬಿಸುವುದು ಹಿತವೆಂದು ಆ ಪರೀಕ್ಷೆಯ ಮುಂದಿನ ವಿಶ್ಲೇಷಣೆಯು ಸೂಚಿಸಿತು. ಪ್ರಮಾಣದ ಈ ವಿವೇಕವು ಭಾರತೀಯ ವೈದ್ಯಕ್ಕೆ ಹೊಸದಲ್ಲ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದೂ ಉಸಿರು ಬಾಯಿಗೆ ಬಂದಾಗ ಅರ್ಧಬಲವು ವೆಚ್ಚವಾಯಿತೆಂದು ಅರಿಯಬೇಕೆಂದೂ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು ವಿಧಿಸುತ್ತದೆ.

ಇಂದಿನ ಭೌತಚಿಕಿತ್ಸಕರು ಮಂಡಿ, ಸೊಂಟಗಳ ಹಳೆಯ ನೋವಿನವರಿಗೆ ಸಾಮಾನ್ಯವಾಗಿ ಹೇಳುವ ಸೂತ್ರವೂ ಇದಕ್ಕೆ ಸಮೀಪವಾದುದು. ವ್ಯಾಯಾಮದಲ್ಲಿ ಸಹಿಸಬಹುದಾದಷ್ಟು ನೋವು ಕಂಡು ಮರುದಿನ ಬೆಳಗಿನೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ. ಇಳಿಯದಿದ್ದರೆ ಮರುದಿನ ಪ್ರಮಾಣವನ್ನು ತಗ್ಗಿಸಬೇಕು, ಪೂರ್ತಿ ನಿಲ್ಲಿಸಬಾರದು. ಆದರೆ ಕೆಲವು ಚಿಹ್ನೆಗಳು ಕಂಡಾಗ ವ್ಯಾಯಾಮದ ಮಾತನ್ನು ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕು. ಬೆನ್ನುನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಾಗುವುದು, ಕಾಲಿನ ಬಲ ದಿನದಿನಕ್ಕೆ ಕುಗ್ಗುವುದು, ಜ್ವರ, ಕಾರಣವಿಲ್ಲದೆ ತೂಕವಿಳಿಯುವುದು, ಬಿದ್ದ ತರುವಾಯ ಕಾಣಿಸಿಕೊಂಡ ತೀವ್ರವಾದ ನೋವು ಇವು ಅಂತಹವು.

ಭಾಷೆಯ ಪಾತ್ರ

ಭೌತಚಿಕಿತ್ಸಕನು ಮುಖ್ಯವಾಗಿ ಶಿಕ್ಷಕನೆಂದಾದರೆ, ಶಿಕ್ಷಣಕ್ಕೆ ಭಾಷೆ ಬೇಕು. ಹೊರನಾಡಿನ ಕನ್ನಡಿಗರ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮೆಲ್ಜಾಕ್ ಮಹಾಶಯನು 1975ರಲ್ಲಿ ನೋವಿನ ಸ್ವರೂಪವನ್ನು ಅರಿಯುವುದಕ್ಕಾಗಿ ಇಂಗ್ಲಿಷಿನ 78 ಶಬ್ದಗಳನ್ನು 20 ಗುಂಪುಗಳಲ್ಲಿ ವಿಂಗಡಿಸಿ ಪ್ರಶ್ನಾವಳಿಯೊಂದನ್ನು ರಚಿಸಿದನು. ರೋಗಿಯು ಆರಿಸುವ ಶಬ್ದವೇ ವೈದ್ಯನಿಗೆ ಸುಳಿವು. ಕನ್ನಡದಲ್ಲಿ ಇಂತಹ ಸಂಪತ್ತು ಕಡಿಮೆಯಿಲ್ಲ: ಉರಿ, ಸೆಳೆತ, ಜೋಮು, ಉಳುಕು, ಹಿಡಿತ, ಸಿಡಿತ, ಕುಟುಕು, ಚಳುಕು. ಉರಿಯೂ ಜೋಮೂ ನರದ ಕಡೆಗೆ ಬೆರಳು ತೋರಿಸುತ್ತವೆ. ಉಳುಕೆಂದರೆ ಕೀಲಿನ ಕಟ್ಟು ಎಳೆದಿರಬಹುದು. ಹಿಡಿತವೆಂದರೆ ಸ್ನಾಯು ಬಿಗಿದಿರಬಹುದು. ಮಗನ ನೌಕರಿಯ ನಿಮಿತ್ತ ಧಾರವಾಡದಿಂದಲೋ ಕುಂದಾಪುರದಿಂದಲೋ ಮುಂಬಯಿಗೆ ಬಂದು ನೆಲೆಸಿದ ವೃದ್ಧ ತಾಯಿಯು ಹೇಳುವ ಈ ಬೇರೆಬೇರೆ ಮಾತುಗಳೆಲ್ಲವೂ, ಮಗನ ಬಾಯಿಂದ ಚಿಕಿತ್ಸಕನ ಕಿವಿಗೆ ಮುಟ್ಟುವಾಗ ‘ದರ್ದ್’ ಎಂಬ ಒಂದೇ ಮಾತಾಗುತ್ತವೆ. ಮರಳಿ ಬರುವಾಗ ಆಕೆಯ ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ವ್ಯಾಯಾಮದ ಹಾಳೆಯಿರುತ್ತದೆ. ಮಗನು ಕಚೇರಿಗೆ ಹೋದ ಮೇಲೆ ಆ ಹಾಳೆಯನ್ನು ಓದಿ ಹೇಳುವವರಿಲ್ಲ. ಚಿಕಿತ್ಸಾಲಯದಲ್ಲಿ ವಾರಕ್ಕೆ ಎರಡು ಗಂಟೆ, ಮನೆಯಲ್ಲಿ ವಾರದ ಉಳಿದ ಕಾಲವೆಲ್ಲ. ಹಾಗಿರುವಲ್ಲಿ, ಆ ಹಾಳೆ ಗೋಡೆಯ ಮೊಳೆಗೆ ಸಿಕ್ಕಿಸಿದಲ್ಲಿಯೇ ಉಳಿದರೆ ಚಿಕಿತ್ಸೆಯ ಬಹುಭಾಗವು ನಡೆಯಲೇ ಇಲ್ಲವೆಂದಾಯಿತು.

ಇದನ್ನು ಸರಿಪಡಿಸಲು ದೊಡ್ಡ ಪಾರಿಭಾಷಿಕ ಕೋಶವೇನೂ ಬೇಡ. ಮಡಿಸು, ಚಾಚು, ಬಾಗು, ನಿಮಿರು, ಹೊರಳು, ಒತ್ತು, ಸಡಿಲಿಸು ಎಂಬ ಅಚ್ಚಗನ್ನಡದ ಕ್ರಿಯಾಪದಗಳಲ್ಲಿಯೇ ಅಂಗಚಲನೆಗಳೆಲ್ಲವನ್ನೂ ಹೇಳಬಹುದು. ‘ಕುರ್ಚಿಯ ಮೇಲೆ ಕುಳಿತು ಬಲಗಾಲನ್ನು ಮುಂದಕ್ಕೆ ನೀಳವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಮೆಲ್ಲಗೆ ಇಳಿಸಿ, ಹೀಗೆ ಹತ್ತು ಸಲ ಮಾಡಿ’ ಎಂಬಷ್ಟು ಸರಳವಾದ ಮಾತುಗಳಲ್ಲಿ, ದೊಡ್ಡ ಅಕ್ಷರಗಳಲ್ಲಿ, ಚಿತ್ರಸಹಿತವಾಗಿ ಮಂಡಿ, ಸೊಂಟ, ಭುಜಗಳಿಗೆ ಒಂದೊಂದು ಹಾಳೆಯನ್ನು ಭೌತಚಿಕಿತ್ಸಕರಿಂದ ತಿದ್ದಿಸಿ ಅಚ್ಚುಹಾಕಿಸುವುದು ಹೊರನಾಡಿನ ಯಾವ ಕನ್ನಡ ಸಂಘಕ್ಕಾದರೂ ಸಾಧ್ಯವಾದ ಕೆಲಸ. ಅಂತಹ ಹಾಳೆಯಲ್ಲಿ ಎಲ್ಲ ವಾಕ್ಯಗಳೂ ‘ಮಾಡಿ’ ಎಂದೇ ಮುಗಿಯುತ್ತವೆ. ‘ಮಾಡಿಸಿಕೊಳ್ಳಿ’ ಎಂದು ಮುಗಿಯುವುದಿಲ್ಲ.